ಮೈಸೂರಿಗೆ ಎರಡು ದಿನ: ಖರ್ಚು ಉಳಿಯುವುದೆಲ್ಲಿ, ಸೋರುವುದೆಲ್ಲಿ

ಎರಡನೇ ಶನಿವಾರದ ಹಿಂದಿನ ಸಂಜೆ. ಚನ್ನಗಿರಿ ಬಸ್ ನಿಲ್ದಾಣದಲ್ಲಿ ಭದ್ರಾವತಿ ಬಸ್ಸಿಗೆ ಕಾದು ನಿಂತವರಲ್ಲಿ ಮದುವೆಗೆ ಹೊರಟವರು ಯಾರು, ಊರು ನೋಡಲು ಹೊರಟವರು ಯಾರು ಎಂದು ಯಾರೂ ಕೇಳಬೇಕಿಲ್ಲ. ಊರು ನೋಡುವವರ ಸುತ್ತ ನಾಲ್ಕೈದು ಚೀಲ, ಅಜ್ಜಿಯ ತೊಡೆಯ ಮೇಲೆ ಬುತ್ತಿಯ ಸ್ಟೀಲ್ ಡಬ್ಬಿ, ಅಮ್ಮನ ಪರ್ಸಿನಲ್ಲಿ ಎಲ್ಲರ ಆಧಾರ್ ಕಾರ್ಡು. ಏಳು ವರ್ಷದ ಮಗ ಆಗಲೇ ಮೂರು ಸಲ ಕೇಳಿದ್ದಾನೆ: ‘ಅಪ್ಪಾ, ಹುಲಿ ಬೋನಲ್ಲಿರತ್ತಾ, ಹೊರಗಿರತ್ತಾ?’ ಹೊನ್ನಾಳಿ, ನ್ಯಾಮತಿ, ಜಗಳೂರು ನಿಲ್ದಾಣಗಳಲ್ಲೂ ಇದೇ ಗಡಿಬಿಡಿ.

ಇಂಥ ಮನೆಗಳವರು ಸೋಮವಾರ ಬೆಳಿಗ್ಗೆ ಸುಸ್ತಾಗಿ ಬಂದಿಳಿದ ಮೇಲೆ ಹೇಳುವ ಮಾತು ಸಾಮಾನ್ಯವಾಗಿ ಎರಡು. ಒಂದು, ‘ಅರಮನೆ ಲೈಟು ನೋಡೋಕೆ ಎರಡು ಕಣ್ಣು ಸಾಲದು.’ ಇನ್ನೊಂದು, ‘ದುಡ್ಡು ಎಲ್ಲಿ ಹೋಯ್ತು ಅಂತಲೇ ಗೊತ್ತಾಗಲಿಲ್ಲ.’

ದುಡ್ಡು ಹೋಗುವ ದಾರಿಗಳನ್ನು ಮೊದಲೇ ಗುರುತಿಸಬಹುದು. ಸಣ್ಣ ಊರಿನ ಕುಟುಂಬವೊಂದರ ನಗರ ಪ್ರವಾಸದ ವೆಚ್ಚ ಬಹುಪಾಲು ತೀರ್ಮಾನವಾಗುವುದು ಮನೆಯಲ್ಲೇ. ಯಾವ ವಾರ ಹೊರಡುತ್ತೇವೆ, ಯಾವ ನಿಲ್ದಾಣದಿಂದ ಹತ್ತುತ್ತೇವೆ, ಎಷ್ಟು ಜಾಗ ನೋಡುತ್ತೇವೆ ಎಂಬ ಮೂರು ವಿಷಯ ಕುಳಿತು ಮಾತಾಡಿಕೊಂಡರೆ, ಊಟಕ್ಕೆ ನಿದ್ದೆಗೆ ಕತ್ತರಿ ಹಾಕದೆಯೂ ಹಣ ಉಳಿಸಬಹುದು.

ರೈಲಿಲ್ಲದ ನಾಲ್ಕು ಪೇಟೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ದಾವಣಗೆರೆ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ನಾಲ್ಕರಲ್ಲೂ ರೈಲು ನಿಲ್ದಾಣವಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿ. ಜಿಲ್ಲೆ ಬದಲಾದರೂ ಜನರ ಓಡಾಟದ ದಿಕ್ಕು ಅಷ್ಟಾಗಿ ಬದಲಾಗಿಲ್ಲ. ನ್ಯಾಮತಿ, ಹೊನ್ನಾಳಿಯವರಿಗೆ ಆಸ್ಪತ್ರೆಗೂ ಜವಳಿಗೂ ಇಂದಿಗೂ ಶಿವಮೊಗ್ಗ ಹತ್ತಿರದ ಪೇಟೆ.

ಪ್ರವಾಸದ ಲೆಕ್ಕಕ್ಕೆ ಈ ಹಳೆಯ ನಂಟು ಉಪಯೋಗಕ್ಕೆ ಬರುತ್ತದೆ. ತಾಳಗುಪ್ಪದಿಂದ ಮೈಸೂರಿಗೆ ಹೋಗುವ ರೈಲುಗಳು ಶಿವಮೊಗ್ಗ, ಭದ್ರಾವತಿ, ತರೀಕೆರೆ, ಬೀರೂರು ಮೂಲಕ ಸಾಗುತ್ತವೆ. ಹಗಲು ಹೋಗುವ ಇಂಟರ್‌ಸಿಟಿ ಹಾಸನದ ದಾರಿ ಹಿಡಿದರೆ, ರಾತ್ರಿ ರೈಲು ಬೆಂಗಳೂರನ್ನು ಬಳಸಿ ಬೆಳಗಿನ ಹೊತ್ತಿಗೆ ಮೈಸೂರು ಮುಟ್ಟುತ್ತದೆ. ನ್ಯಾಮತಿ, ಹೊನ್ನಾಳಿಯವರು ಶಿವಮೊಗ್ಗದಲ್ಲಿ ಹತ್ತಬಹುದು. ಚನ್ನಗಿರಿಯವರಿಗೆ ಭದ್ರಾವತಿ ಅಥವಾ ತರೀಕೆರೆ ಅನುಕೂಲ. ಜಿಲ್ಲಾ ಕೇಂದ್ರವೆಂದು ದಾವಣಗೆರೆಗೇ ಹೋಗಿ ಹತ್ತಬೇಕೆಂದೇನಿಲ್ಲ. ಜಗಳೂರಿನವರಿಗೆ ಮಾತ್ರ ದಾವಣಗೆರೆಯೇ ಸರಿ. ಬೆಳಗಾವಿ–ಮೈಸೂರು ರಾತ್ರಿ ರೈಲು ಅಲ್ಲಿ ಸಿಗುತ್ತದೆ.

ಯಾವ ವಾರ ಹೊರಡಬೇಕು

ಚನ್ನಗಿರಿ ಸೀಮೆಯ ಅಡಿಕೆ ಬೆಳೆಗಾರನಿಗೆ ದಸರಾ ರಜೆ ರಜೆಯಲ್ಲ. ಖೇಣಿ ಕೊಟ್ಟವರಿಗೆ ಸ್ವಲ್ಪ ಬಿಡುವು ಸಿಕ್ಕೀತು. ತಾವೇ ಕೊಯ್ದು, ಸುಲಿಸಿ, ಬೇಯಿಸಿ, ಒಣಗಿಸುವವರಿಗೆ ಆ ತಿಂಗಳುಗಳಲ್ಲಿ ಅಂಗಳ ಬಿಟ್ಟು ಕದಲುವಂತಿಲ್ಲ. ಭದ್ರಾ ನಾಲೆಯ ನೀರಿಗೆ ಭತ್ತ ನಾಟಿ ಮಾಡುವ ಹೊನ್ನಾಳಿ ಕಡೆಯವರ ಬಿಡುವು ಬೇರೆ, ಮಳೆ ನಂಬಿ ಮೆಕ್ಕೆಜೋಳ, ಶೇಂಗಾ ಬಿತ್ತುವ ಜಗಳೂರಿನವರ ಬಿಡುವು ಬೇರೆ. ಹಾಗಾಗಿ ಎಲ್ಲರಿಗೂ ಒಪ್ಪುವ ತಿಂಗಳೆಂದು ಯಾವುದನ್ನೂ ಹೇಳಲಾಗದು.

ಆದರೆ ಯಾವಾಗ ಹೋಗಬಾರದು ಎಂಬುದನ್ನು ಖಚಿತವಾಗಿ ಹೇಳಬಹುದು. ದಸರಾದ ಹತ್ತು ದಿನ ಮೈಸೂರಿನಲ್ಲಿ ಲಾಡ್ಜ್ ಬಾಡಿಗೆ ಏರುತ್ತದೆ, ಕಾಲಿಡಲು ಜಾಗವಿರುವುದಿಲ್ಲ. ಜಂಬೂಸವಾರಿಯನ್ನೇ ನೋಡಬೇಕೆಂಬ ಹಟವಿದ್ದರೆ ಅದನ್ನೊಂದು ಬೇರೆ ಪ್ರವಾಸವೆಂದೇ ಎಣಿಸಬೇಕು. ಡಿಸೆಂಬರ್ ಕೊನೆಯ ವಾರ ರಾಜ್ಯದ ಮೂಲೆ ಮೂಲೆಯಿಂದ ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಲ್ಲುತ್ತವೆ. ಹಬ್ಬದ ರಜೆಯೊಂದು ಶುಕ್ರವಾರವೋ ಸೋಮವಾರವೋ ಬಿದ್ದು ಮೂರು ದಿನ ಒಟ್ಟಿಗೆ ಸಿಕ್ಕಿದರೆ ಬೆಂಗಳೂರಿನ ಅರ್ಧ ಜನ ಮೈಸೂರಿನಲ್ಲಿರುತ್ತಾರೆ. ಇವಿಷ್ಟನ್ನು ಬಿಟ್ಟು ಸಾಧಾರಣ ಎರಡನೇ ಶನಿವಾರವೊಂದನ್ನು ಆರಿಸಿಕೊಂಡರೆ ಅದೇ ಕೋಣೆ ಕಡಿಮೆ ಬಾಡಿಗೆಗೆ ಸಿಗುತ್ತದೆ.

ವಾರದ ದಿನವೂ ಮುಖ್ಯ. ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ. ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಇರುತ್ತದೆ. ಮಕ್ಕಳನ್ನು ಮಂಗಳವಾರ ಮೃಗಾಲಯದ ಗೇಟಿನವರೆಗೆ ಕರೆದೊಯ್ದು ವಾಪಸು ತಂದ ಕುಟುಂಬಗಳು ಎಷ್ಟೋ. ಶನಿವಾರ, ಭಾನುವಾರದ ಪ್ರವಾಸಕ್ಕೆ ಜನಜಂಗುಳಿಯ ಕಾಟವಿದ್ದರೂ ಎರಡೂ ಕೈಗೆ ಸಿಗುತ್ತವೆ.

ಬಸ್ಸೋ, ರೈಲೋ?

ಈ ಪ್ರಶ್ನೆಯಲ್ಲಿ ಹಣದ ದೊಡ್ಡ ಗಂಟಿದೆ. ಒಂದು ಕುಟುಂಬವನ್ನು ಇಟ್ಟುಕೊಂಡು ನೋಡೋಣ. ಗಂಡ, ಹೆಂಡತಿ, ಅರವತ್ತೈದರ ಅಜ್ಜಿ, ಹದಿಮೂರರ ಮಗಳು, ಏಳರ ಮಗ. ಒಟ್ಟು ಐದು ಜನ.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸ, ಐರಾವತ, ಸ್ಲೀಪರ್‌ಗಳಿಗೆ ಇದು ಇಲ್ಲ. ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ, ರಾಜ್ಯದ ಒಳಗೆ ಮಾತ್ರ ಇದೆ. ಹೀಗಾಗಿ ಈ ಮನೆಯ ಮೂವರಿಗೆ ಟಿಕೆಟ್ಟಿನ ಖರ್ಚಿಲ್ಲ. ಆರು ದಾಟಿದ, ಹನ್ನೆರಡು ತುಂಬದ ಹುಡುಗನಿಗೆ ಅರ್ಧ ಟಿಕೆಟ್. ಐವರು ಕೊಡುವುದು ಒಂದೂವರೆ ಟಿಕೆಟ್ಟಿನ ಹಣ.

ರೈಲಿನ ಲೆಕ್ಕ ಬೇರೆ. ಹಿರಿಯ ನಾಗರಿಕರ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಿದ್ದು ಮತ್ತೆ ಬಂದಿಲ್ಲ, ಅಜ್ಜಿಗೂ ಪೂರ್ತಿ ಟಿಕೆಟ್ ಬೇಕು. ಐದು ತುಂಬದ ಮಗುವಿಗೆ ಟಿಕೆಟ್ ಬೇಡ. ಐದರಿಂದ ಹನ್ನೆರಡರ ಒಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಬೇಡವೆಂದರೆ ಅರ್ಧ, ಬೇಕೆಂದರೆ ಪೂರ್ತಿ. 2016ರಿಂದ ಇದೇ ನಿಯಮ. ಆದ್ದರಿಂದ ಈ ಕುಟುಂಬಕ್ಕೆ ರೈಲಿನಲ್ಲಿ ನಾಲ್ಕೂವರೆ ಅಥವಾ ಐದು ಟಿಕೆಟ್.

ಹಾಗಾದರೆ ಬಸ್ಸೇ ಅಗ್ಗವೆಂದು ನಿರ್ಧರಿಸಿಬಿಡಬಹುದೇ? ಅವಸರ ಬೇಡ. ಸ್ಲೀಪರ್ ದರ್ಜೆಯಲ್ಲಿ ಅಜ್ಜಿ ಕಾಲು ಚಾಚಿ ಮಲಗುತ್ತಾಳೆ, ಶೌಚಾಲಯ ಅಲ್ಲೇ ಇದೆ, ಬೆಳಿಗ್ಗೆ ಇಳಿದಾಗ ಮಕ್ಕಳು ಎದ್ದು ಓಡಾಡುವ ಸ್ಥಿತಿಯಲ್ಲಿರುತ್ತಾರೆ. ರಾತ್ರಿಯಿಡೀ ಕುಳಿತೇ ಬಂದ ಮನೆಮಂದಿ ಮೊದಲ ಹಗಲನ್ನು ಲಾಡ್ಜಿನಲ್ಲಿ ನಿದ್ದೆಗೆ ಕಳೆಯುತ್ತಾರೆ. ಕಳೆದ ಆ ಹಗಲಿನ ಬೆಲೆ ಉಳಿಸಿದ ಟಿಕೆಟ್ಟಿಗಿಂತ ಹೆಚ್ಚು. ನನ್ನ ಅಭಿಪ್ರಾಯ ಇಷ್ಟು: ಹೋಗುವಾಗ ರೈಲು, ಬರುವಾಗ ಬಸ್ಸು. ಹೋಗುವ ರಾತ್ರಿಯ ನಿದ್ದೆಗೆ ಹಣ ಕೊಡಿ. ಬರುವ ರಾತ್ರಿಯ ಆಯಾಸವನ್ನು ಮನೆಯಲ್ಲಿ ಕಳೆಯಬಹುದು.

ಇನ್ನೊಂದು ಸಂಗತಿ ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು, ಲೆಕ್ಕ ಹಾಕುವಾಗ ಮಾತ್ರ ಮರೆತುಹೋಗುತ್ತದೆ. ನಮ್ಮ ತಾಲ್ಲೂಕುಗಳ ರಸ್ತೆಗಳಲ್ಲಿ ಓಡಾಡುವ ಬಸ್ಸುಗಳಲ್ಲಿ ಖಾಸಗಿಯವರದೇ ದೊಡ್ಡ ಪಾಲು. ಅಲ್ಲಿ ಶಕ್ತಿ ನಡೆಯದು. ಊರಿನಿಂದ ರೈಲು ನಿಲ್ದಾಣದವರೆಗಿನ ದಾರಿಗೆ ಐದೂ ಜನರ ಹಣ ಎತ್ತಿಡಬೇಕು, ಇಲ್ಲವೇ ಸರ್ಕಾರಿ ಬಸ್ಸಿನ ಸಮಯ ಮೊದಲೇ ಕೇಳಿಟ್ಟುಕೊಂಡಿರಬೇಕು.

ರೈಲು ಟಿಕೆಟ್ ಅರವತ್ತು ದಿನ ಮೊದಲು ತೆರೆಯುತ್ತದೆ. ಮೊದಲು ನೂರ ಇಪ್ಪತ್ತು ದಿನವಿದ್ದದ್ದನ್ನು 2024ರ ನವೆಂಬರ್‌ನಿಂದ ಇಳಿಸಿದ್ದಾರೆ. ಆನ್‌ಲೈನ್ ಟಿಕೆಟ್ ಚಾರ್ಟ್ ಸಿದ್ಧವಾದ ಮೇಲೂ ವೇಟಿಂಗ್ ಲಿಸ್ಟಿನಲ್ಲೇ ಉಳಿದರೆ ತಾನಾಗಿ ರದ್ದಾಗುತ್ತದೆ, ಅದನ್ನು ಹಿಡಿದು ಹತ್ತುವಂತಿಲ್ಲ. ಕೆಎಸ್‌ಆರ್‌ಟಿಸಿಯಲ್ಲಿ ನಾಲ್ಕು ಅಥವಾ ಹೆಚ್ಚು ಜನಕ್ಕೆ ಒಂದೇ ಟಿಕೆಟ್ಟಿನಲ್ಲಿ ಕಾಯ್ದಿರಿಸಿದರೆ ಶೇ 5, ಹೋಗಿಬರುವ ಟಿಕೆಟ್ ಒಟ್ಟಿಗೆ ಮಾಡಿಸಿದರೆ ಬರುವ ಪ್ರಯಾಣದ ಮೇಲೆ ಶೇ 10 ರಿಯಾಯಿತಿ ಇದೆ. ಅಣ್ಣತಮ್ಮಂದಿರ ಎರಡು ಸಂಸಾರ ಕೂಡಿ ಹೊರಟಾಗ ಇದು ನೆನಪಿರಲಿ.

ಅಕ್ಕಪಕ್ಕದ ಮನೆಯವರು ಸೇರಿ ಟೆಂಪೊ ಟ್ರಾವೆಲರ್ ಮಾಡುವುದುಂಟು. ಗಾಡಿ ತುಂಬಿದರೆ ತಲೆಗೆ ಬೀಳುವ ಹಣ ಕಡಿಮೆಯೇ. ಆದರೆ ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಎಂಬ ಷರತ್ತಿರುತ್ತದೆ, ನಿಂತ ಗಾಡಿಗೂ ಆ ಹಣ ಕೊಡಬೇಕು. ಮೇಲೆ ಚಾಲಕನ ಬಾಟಾ, ಟೋಲ್, ಪಾರ್ಕಿಂಗ್. ಎಲ್ಲವನ್ನೂ ಸೇರಿಸಿ ಮಾತಾಡಿ. ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ: ಪರಿಚಯದವರದೆಂದು ಬಿಳಿ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಹಿಡಿಯಬೇಡಿ. ಅಪಘಾತವಾದರೆ, ಸ್ವಂತ ಬಳಕೆಯ ವಾಹನ ಬಾಡಿಗೆಗೆ ಓಡಿತ್ತೆಂಬ ಕಾರಣಕ್ಕೆ ವಿಮೆಯ ಪರಿಹಾರಕ್ಕೆ ತೊಡಕಾಗುತ್ತದೆ.

ಬೆಳಿಗ್ಗೆ ಏಳಕ್ಕೆ ಬಂದವರ ಪಾಡು

ರೈಲಿಳಿದು ಚೀಲ ಹೊತ್ತು ಲಾಡ್ಜಿನ ಮುಂದೆ ನಿಂತಾಗ ಕೌಂಟರಿನಲ್ಲಿ ಕೇಳಿಬರುವ ಮಾತು: ‘ರೂಮು ಹನ್ನೆರಡಕ್ಕೆ ಸಾರ್. ಈಗಲೇ ಬೇಕಂದ್ರೆ ಒಂದು ದಿನದ್ದು ಎಕ್ಸ್‌ಟ್ರಾ ಆಗುತ್ತೆ.’ ಮಕ್ಕಳು ತೂಕಡಿಸುತ್ತಿರುತ್ತವೆ, ಅಜ್ಜಿಗೆ ಸ್ನಾನವಾಗದೆ ಕಾಫಿ ಇಳಿಯದು. ಅಪ್ಪ ತಲೆಯಾಡಿಸುತ್ತಾನೆ. ಇಡೀ ಪ್ರವಾಸದಲ್ಲಿ ಒಂದೇ ಏಟಿಗೆ ಹೆಚ್ಚು ಹಣ ಹೋಗುವ ಜಾಗ ಇದು.

ಕೋಣೆ ಕಾಯ್ದಿರಿಸುವಾಗ ಬಾಡಿಗೆಯ ಜೊತೆಗೆ ಕೇಳಬೇಕಾದ ಪ್ರಶ್ನೆ, ಚೆಕ್‌ಔಟ್ ಹನ್ನೆರಡು ಗಂಟೆಗೋ, ಇಪ್ಪತ್ನಾಲ್ಕು ಗಂಟೆಗೋ ಎಂಬುದು. ಬೆಳಿಗ್ಗೆ ಏಳಕ್ಕೆ ಸೇರಿದವರು ಮರುದಿನ ಏಳರವರೆಗೆ ಇರಬಹುದಾದ ಲಾಡ್ಜುಗಳು ಬಸ್ ನಿಲ್ದಾಣದ ಸುತ್ತ ಇನ್ನೂ ಇವೆ. ಐವರಿಗೆ ಒಂದೇ ಕೋಣೆ ಕೊಡುತ್ತಾರೆಯೇ, ಹೆಚ್ಚಿನ ಹಾಸಿಗೆಗೆ ಎಷ್ಟು, ಬಿಸಿನೀರು ಎಷ್ಟು ಹೊತ್ತಿನವರೆಗೆ ಎಂಬುದನ್ನೂ ಫೋನಿನಲ್ಲೇ ಕೇಳಿ. ಕಾಯ್ದಿರಿಸಿದ ರೈಲು ಟಿಕೆಟ್ ಇದ್ದವರು ಮೈಸೂರಿನಂಥ ದೊಡ್ಡ ನಿಲ್ದಾಣದ ವಿಶ್ರಾಂತಿ ಕೋಣೆಯನ್ನು ಕೆಲವು ಗಂಟೆಗಳ ಮಟ್ಟಿಗೆ ಪಡೆಯಲು ಅವಕಾಶವಿದೆ. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೊಯ್ಸಳ ರೈಲು ನಿಲ್ದಾಣಕ್ಕೆ ಹತ್ತಿರದಲ್ಲಿದೆ. ಮಠ, ಛತ್ರಗಳ ಪರಿಚಯವಿದ್ದವರು ಮೊದಲೇ ಪತ್ರ ಬರೆದೋ ಫೋನು ಮಾಡಿಯೋ ಕೇಳುವುದು ಹಿಂದಿನಿಂದ ಬಂದ ಒಳ್ಳೆಯ ಪದ್ಧತಿ.

ರಾತ್ರಿ ರೈಲಿನಲ್ಲಿ ಹೋಗಿ ರಾತ್ರಿ ಬಸ್ಸಿನಲ್ಲಿ ಬಂದರೆ ಎರಡು ಹಗಲಿಗೆ ಬೇಕಾದ್ದು ಒಂದೇ ರಾತ್ರಿಯ ಕೋಣೆ. ಭಾನುವಾರ ಕೋಣೆ ಬಿಟ್ಟ ಮೇಲೂ ಚೀಲಗಳನ್ನು ಸಂಜೆವರೆಗೆ ಲಾಡ್ಜಿನವರು ಇಟ್ಟುಕೊಳ್ಳುತ್ತಾರೆ, ಕೇಳಬೇಕಷ್ಟೆ.

ನಾಲ್ಕೇ ಜಾಗ

ಮೈಸೂರಿಗೆ ಹೋದವರು ಒಂದೇ ದಿನದಲ್ಲಿ ಅರಮನೆ, ಮೃಗಾಲಯ, ಬೆಟ್ಟ, ಶ್ರೀರಂಗಪಟ್ಟಣ, ಕೆಆರ್‌ಎಸ್ ಎಲ್ಲ ಮುಗಿಸುವ ಪಟ್ಟಿ ಹಿಡಿದಿರುತ್ತಾರೆ. ಅಷ್ಟನ್ನೂ ಮುಗಿಸಲು ಬಾಡಿಗೆ ಗಾಡಿ ಬೇಕು, ಪ್ರತಿ ಗೇಟಿನಲ್ಲಿ ಐದು ಟಿಕೆಟ್ ಬೇಕು. ಮಕ್ಕಳ ನೆನಪಿನಲ್ಲಿ ಕೊನೆಗೆ ಉಳಿಯುವುದು ಗಾಡಿಯ ಕಿಟಕಿ ಮಾತ್ರ.

ಎರಡು ದಿನಕ್ಕೆ ನಾಲ್ಕು ಜಾಗ ಸಾಕು. ಶನಿವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಮೃಗಾಲಯ. ಬಿಸಿಲೇರುವ ಮೊದಲು ಪ್ರಾಣಿಗಳು ಓಡಾಡಿಕೊಂಡಿರುತ್ತವೆ. 1892ರಲ್ಲಿ ಶುರುವಾದ ಈ ಮೃಗಾಲಯದಲ್ಲಿ ಬಹಳ ದೂರ ನಡೆಯಬೇಕು. ಅಜ್ಜಿಗೆ ಬ್ಯಾಟರಿ ಗಾಡಿಯ ಟಿಕೆಟ್ ಕೊಡಿಸಿ, ಅಲ್ಲಿ ಜಿಪುಣತನ ಬೇಡ. ಊಟ, ವಿಶ್ರಾಂತಿ ಮುಗಿಸಿ ಮಧ್ಯಾಹ್ನ ಅರಮನೆ. ಸಂಜೆ ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಸಾಲು, ಕುಂಕುಮದ ಗುಡ್ಡೆ ನೋಡುತ್ತ ಸುತ್ತಾಟ, ಅದಕ್ಕೆ ಟಿಕೆಟ್ಟಿಲ್ಲ.

ಅರಮನೆಯೊಳಗೆ ಒಂದು ಮಾತು. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಸಿಕ್ಕಿ ಹೋಯಿತು. ಈಗಿನದು ಹೆನ್ರಿ ಇರ್ವಿನ್ ನಕ್ಷೆಯಂತೆ ಕಟ್ಟಿ 1912ರಲ್ಲಿ ಪೂರ್ಣಗೊಂಡದ್ದು. ಜನ ನೂಕಿದತ್ತ ಸಾಗುತ್ತ ಹೋದರೆ ಅರ್ಧ ಗಂಟೆಯಲ್ಲಿ ಹೊರಗೆ ಬಂದಿರುತ್ತೀರಿ. ಕಲ್ಯಾಣ ಮಂಟಪಕ್ಕೆ ಬಂದಾಗ ಗೋಡೆಯ ಪಕ್ಕಕ್ಕೆ ಸರಿದು ನಿಲ್ಲಿ. ಮೇಲೆ ನವಿಲುಗಳ ಬಣ್ಣದ ಗಾಜಿನ ಚಾವಣಿ, ಸುತ್ತ ಗೋಡೆಯ ಮೇಲೆ ದಸರಾ ಮೆರವಣಿಗೆಯ ದೊಡ್ಡ ದೊಡ್ಡ ಚಿತ್ರಗಳು. ಒಂದೊಂದು ಚಿತ್ರದಲ್ಲೂ ಆನೆ, ಕುದುರೆ, ಬ್ಯಾಂಡಿನವರು, ಬೀದಿ ಬದಿ ನಿಂತ ಜನ. ‘ಇದರಲ್ಲಿ ಅಂಬಾರಿ ಎಲ್ಲಿದೆ ಹುಡುಕು’ ಎಂದರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ. ನಮ್ಮ ನಾಲ್ಕೂ ತಾಲ್ಲೂಕು ಹಳೆಯ ಮೈಸೂರು ಸಂಸ್ಥಾನದ ಭಾಗವಾಗಿದ್ದವು. ನಮ್ಮ ಮುತ್ತಜ್ಜಂದಿರ ಕಾಲದ ರಾಜಧಾನಿ ಇದು ಎಂದು ಮಕ್ಕಳಿಗೆ ಹೇಳಲು ಆ ಮಂಟಪಕ್ಕಿಂತ ಒಳ್ಳೆಯ ಜಾಗವಿಲ್ಲ.

ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ. ಅರಮನೆ ಹತ್ತಿರದ ನಗರ ಬಸ್ ನಿಲ್ದಾಣದಿಂದ 201ನೇ ನಂಬರಿನ ಬಸ್ಸು ಬೆಟ್ಟಕ್ಕೆ ಹೋಗುತ್ತದೆ. ನಗರದ ಸಾಮಾನ್ಯ ಬಸ್ಸುಗಳಲ್ಲೂ ಶಕ್ತಿ ನಡೆಯುತ್ತದೆ. ಬರುವಾಗ ಮಗ, ಮಗಳು, ಅಪ್ಪ ಮೆಟ್ಟಿಲಿಳಿದು ದಾರಿಯಲ್ಲಿ ದೊಡ್ಡ ನಂದಿ ನೋಡಿಕೊಂಡು ಬರಲಿ, ಅಮ್ಮ ಅಜ್ಜಿ ಬಸ್ಸಿನಲ್ಲಿ ಇಳಿಯಲಿ. ಮಧ್ಯಾಹ್ನ ವಿಶ್ರಾಂತಿ, ಉತ್ಸಾಹವಿದ್ದರೆ ಜಗನ್ಮೋಹನ ಅರಮನೆಯ ರವಿವರ್ಮನ ಚಿತ್ರಗಳು. ಸಂಜೆ ಏಳಕ್ಕೆ ಸುಮಾರು ಒಂದು ಲಕ್ಷ ಬಲ್ಬು ಒಮ್ಮೆಲೇ ಹೊತ್ತಿಕೊಳ್ಳುವುದನ್ನು ನೋಡಿ, ಊಟ ಮಾಡಿ, ಹತ್ತಿರದಲ್ಲೇ ಇರುವ ಸಬರ್ಬನ್ ಬಸ್ ನಿಲ್ದಾಣಕ್ಕೆ ನಡೆದು ಹೋಗಬಹುದು.

ಈ ಪಟ್ಟಿಯಲ್ಲಿ ಕೆಆರ್‌ಎಸ್ ಇಲ್ಲ. ಕಾರಂಜಿ ಚಂದವೇ. ಆದರೆ ಅದನ್ನು ನೋಡಿ ನಗರಕ್ಕೆ ಮರಳುವ ಹೊತ್ತಿಗೆ ಒಂದು ಸಂಜೆ ಪೂರ್ತಿ ಹೋಗುತ್ತದೆ, ಅರಮನೆಯ ದೀಪ ತಪ್ಪುತ್ತದೆ. ಎರಡರಲ್ಲಿ ಒಂದೇ ಸಂಜೆ ಎಂದಾದರೆ ಅರಮನೆಯೇ ಮೇಲು.

ಬುತ್ತಿ, ನೀರು, ಆಟೊ

ಚಪಾತಿ, ಶೇಂಗಾ ಚಟ್ನಿಪುಡಿ, ಪುಳಿಯೋಗರೆ, ಒಗ್ಗರಣೆ ಮಂಡಕ್ಕಿ ಮೊದಲ ಹಗಲಿನವರೆಗೆ ಕೆಡುವುದಿಲ್ಲ. ಹಾಗೆಂದು ಎರಡೂ ದಿನ ಡಬ್ಬಿಯನ್ನೇ ಬಿಚ್ಚಿ ಕೂರುವುದೂ ಸರಿಯಲ್ಲ. ಊರು ಬಿಟ್ಟು ಬಂದ ಹೆಣ್ಣುಮಗಳಿಗೆ ಎರಡು ದಿನ ಅಡುಗೆಯ ಚಿಂತೆ ತಪ್ಪಬೇಕು. ಬೆಳಿಗ್ಗೆ ಬುತ್ತಿ, ಮಧ್ಯಾಹ್ನ ಹೋಟೆಲ್ ಊಟ ಎಂಬ ಹೊಂದಾಣಿಕೆ ಒಳ್ಳೆಯದು. ಕೈ ಬಿಗಿ ಇದ್ದವರಿಗೆ ಇಂದಿರಾ ಕ್ಯಾಂಟೀನ್ ಇದೆ, ಬೆಟ್ಟದಲ್ಲಿ ದೇವಸ್ಥಾನದ ದಾಸೋಹವಿದೆ. ಮನೆಯಿಂದ ದೊಡ್ಡ ನೀರಿನ ಬಾಟಲಿ ಒಯ್ದು ಲಾಡ್ಜಿನಲ್ಲೋ ಹೋಟೆಲಿನಲ್ಲೋ ತುಂಬಿಸಿಕೊಂಡರೆ ಎರಡು ದಿನದಲ್ಲಿ ಉಳಿಯುವ ಹಣ ಕಡಿಮೆಯದಲ್ಲ.

ಆಟೊ ಹತ್ತುವ ಮೊದಲು ಮೀಟರ್ ಎಂದೋ ಇಷ್ಟು ಎಂದೋ ಮಾತು ಮುಗಿಸಿ. ಐವರಿಗೆ ಎರಡು ಆಟೊ ಬೇಕಾಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಹಣ ಕೂಡಿಸುವ ಬಗ್ಗೆಯೂ ಒಂದು ಮಾತು. ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಹಣದಲ್ಲೋ, ಸಂಘದ ಉಳಿತಾಯದಲ್ಲೋ ಒಂದಿಷ್ಟು ಎತ್ತಿಟ್ಟು ಕೋಣೆಯ ಬಾಡಿಗೆ ಹೊಂದಿಸುವ ಮನೆಗಳಿವೆ. ಅದು ಚೆಂದ. ಮೊಬೈಲ್ ಆ್ಯಪಿನಲ್ಲಿ ಸಾಲ ತೆಗೆದು ಹೊರಡುವುದು ಖಂಡಿತ ಬೇಡ.

ಬೆಂಗಳೂರೇ ಆಗಬೇಕೆಂದರೆ

ಮಗಳಿಗೆ ವಿಜ್ಞಾನದ ಹುಚ್ಚಿದ್ದರೆ ಬೆಂಗಳೂರೂ ಒಳ್ಳೆಯ ಆಯ್ಕೆ. ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಕಬ್ಬನ್ ಪಾರ್ಕು ಒಂದಕ್ಕೊಂದು ಅಂಟಿಕೊಂಡಿವೆ, ನೆಹರೂ ತಾರಾಲಯವೂ ದೂರವಿಲ್ಲ. ತಾರಾಲಯಕ್ಕೆ ಸೋಮವಾರ ರಜೆ, ಬನ್ನೇರುಘಟ್ಟಕ್ಕೆ ಮಂಗಳವಾರ. ದಾವಣಗೆರೆ ಕಡೆಯಿಂದ ಬಸ್ಸಿನಲ್ಲಿ ಹೋಗುವವರು ಮೆಜೆಸ್ಟಿಕ್‌ವರೆಗೆ ಟ್ರಾಫಿಕ್ಕಿನಲ್ಲಿ ಕೂರದೆ ತುಮಕೂರು ರಸ್ತೆಯ ನಾಗಸಂದ್ರ, ದಾಸರಹಳ್ಳಿ ಅಥವಾ ಜಾಲಹಳ್ಳಿಯಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೊ ಹಿಡಿಯಬಹುದು. ಭಾನುವಾರ ಮೆಟ್ರೊ ಶುರುವಾಗುವುದು ಏಳಕ್ಕೆ. ಮೆಟ್ರೊದಲ್ಲಿ ಶಕ್ತಿ ಇಲ್ಲ, ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಇದೆ. ಆದರೂ ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಹೊರಟವರಿಗೆ ಮೈಸೂರೇ ಹಗುರ. ಅಲ್ಲಿ ನೋಡುವ ಜಾಗಗಳ ನಡುವಿನ ದೂರ ಕಡಿಮೆ.

ಕೊನೆಯ ನಲವತ್ತು ಕಿಲೋಮೀಟರ್

ಇಷ್ಟೆಲ್ಲ ಹೊಂದಿಸಿದರೂ ಮನೆಯವರ ಕೈಯಲ್ಲಿಲ್ಲದ ಒಂದು ಖರ್ಚು ಉಳಿಯುತ್ತದೆ. ನಸುಕಿಗೆ ಶಿವಮೊಗ್ಗದಲ್ಲೋ, ಭದ್ರಾವತಿಯಲ್ಲೋ, ದಾವಣಗೆರೆಯಲ್ಲೋ ಇಳಿದ ಕುಟುಂಬಕ್ಕೆ ತಮ್ಮೂರು ಇನ್ನೂ ಮೂವತ್ತರಿಂದ ಐವತ್ತು ಕಿಲೋಮೀಟರ್ ದೂರ. ಆ ಹೊತ್ತಿನಲ್ಲಿ ಬಸ್ಸು ವಿರಳ. ಬೆಳಕು ಹರಿಯುವವರೆಗೆ ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂರಬೇಕು, ಇಲ್ಲವೇ ಕೇಳಿದಷ್ಟು ಕೊಟ್ಟು ಕಾರು ಮಾಡಬೇಕು.

ರಾತ್ರಿ ರೈಲುಗಳು ಬಂದು ಹೋಗುವ ಸಮಯಕ್ಕೆ ಹೊಂದುವಂತೆ, ಕೊನೆಪಕ್ಷ ಶುಕ್ರವಾರ ರಾತ್ರಿ ಮತ್ತು ಸೋಮವಾರ ನಸುಕಿನಲ್ಲಿ, ಈ ನಿಲ್ದಾಣಗಳಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿಗೆ ಒಂದೊಂದು ಸರ್ಕಾರಿ ಬಸ್ಸು ಬಿಡಬೇಕು. ಅದು ಪ್ರವಾಸಿಗರಿಗಷ್ಟೇ ಅಲ್ಲ, ಬೆಂಗಳೂರಿನಲ್ಲಿ ದುಡಿಯುವ, ಓದುವ ನಮ್ಮ ಮಕ್ಕಳಿಗೂ ಬೇಕಾದ ಬಸ್ಸು. ನಾಲ್ಕೂ ಊರಿನ ಪ್ರಯಾಣಿಕರು ತಮ್ಮ ಶಾಸಕರಿಗೆ, ಕೆಎಸ್‌ಆರ್‌ಟಿಸಿಯ ದಾವಣಗೆರೆ ಮತ್ತು ಶಿವಮೊಗ್ಗ ವಿಭಾಗಗಳಿಗೆ ಈ ಬೇಡಿಕೆಯನ್ನು ಬರೆದು ಕೊಡಲಿ.